ಆ ಚೀಟಿ ನಿನ್ನ ಮೇಲಿನ ದ್ವೇಷವಲ್ಲ

ತಮ್ಮ,

ನಿನ್ನ ಪತ್ರ ಬಂದಾಗ ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇರಲಿಲ್ಲ. ರಜೆಗೆಂದು ಹಾಸನಕ್ಕೆ ಬಂದಿದ್ದೇನೆ, ಅಮ್ಮನ ಮನೆಯ ಜಗಲಿಯಲ್ಲಿ ಕುಳಿತು ಉತ್ತರ ಬರೆಯುತ್ತಿದ್ದೇನೆ. ಚನ್ನರಾಯಪಟ್ಟಣ ಬಿಟ್ಟು ನೀನು ಅಲ್ಲಿ ಇಳಿದು ಐದು ವಾರವೂ ಆಗಿಲ್ಲ, ಅಷ್ಟರಲ್ಲಿ ಸದ್ದು ಕಡಿಮೆ ಮಾಡಿ ಎಂದು ಕೇಳುವ ಕೆಳಮನೆಯವರ ಚೀಟಿ ನಿನ್ನ ಅಂಚೆಪೆಟ್ಟಿಗೆಗೆ ಬಿದ್ದಿದೆ. “ಅಕ್ಕಾ, ಭಾನುವಾರ ಮಿಕ್ಸಿ ಹಾಕಿದ್ದಕ್ಕೆ, ರಾತ್ರಿ ಊರಿಗೆ ಫೋನ್ ಮಾಡಿದ್ದಕ್ಕೆ ಹೀಗೆ ಬರೆದಿದ್ದಾರೆ. ನಮ್ಮ ಮೈಬಣ್ಣ ನೋಡಿ ಬರೆದರೇ? ಮುಂದಿನ ತಿಂಗಳು ಹೆಂಡತಿ, ಮಗು ಬರುತ್ತಾರೆ. ಇಂಥ ಕಡೆ ಬದುಕಲು ಆಗುತ್ತದೆಯೇ?” ಎಂದು ಕೇಳಿದ್ದೀಯೆ.

ಆಗುತ್ತದೆ. ನಾನು 14 ವರ್ಷದಿಂದ ಬದುಕುತ್ತಿದ್ದೇನೆ, ನೆಮ್ಮದಿಯಿಂದಲೇ ಬದುಕುತ್ತಿದ್ದೇನೆ. ಆದರೆ ಚೀಟಿಯನ್ನು ಹರಿದು ಹಾಕಬೇಡ. ನನಗೂ ಮೊದಲ ವರ್ಷ ಅಂಥದ್ದೇ ಒಂದು ಬಂದಿತ್ತು, ಆ ರಾತ್ರಿ ನಾನು ಅತ್ತಿದ್ದೆ. ಅದಕ್ಕೇ ನಿನಗೆ ಇಷ್ಟುದ್ದ ಬರೆಯುತ್ತಿರುವುದು.

ಅವತ್ತು ಭಾನುವಾರ ಮಧ್ಯಾಹ್ನ. ಊರಿನಿಂದ ಹೊತ್ತು ತಂದಿದ್ದ ಕಲ್ಲಿನ ಕುಟ್ಟಾಣಿಯಲ್ಲಿ ಶುಂಠಿ, ಬೆಳ್ಳುಳ್ಳಿ ಜಜ್ಜುತ್ತಿದ್ದೆ. ಸಂಜೆ ಬಾಗಿಲ ಕೆಳಗಿಂದ ಒಂದು ಕಾಗದ ತೂರಿ ಬಂತು. ದುಂಡಗಿನ ಕೈಬರಹ, ಕೆಳಗೆ ಹೆಸರು, ಎರಡನೇ ಮಹಡಿ ಎಂದು ವಿಳಾಸ. ಮರುದಿನ ಧೈರ್ಯ ಮಾಡಿ ಕೆಳಗಿಳಿದೆ. ಬಾಗಿಲು ತೆರೆದವರು ಐವತ್ತು ದಾಟಿದ ಹೆಂಗಸು, ಆಸ್ಪತ್ರೆಯಲ್ಲಿ ದಾದಿ, ವಾರದಲ್ಲಿ ನಾಲ್ಕು ದಿನ ರಾತ್ರಿ ಪಾಳಿ. ಜಗಳವಾಡಲಿಲ್ಲ. ನನ್ನನ್ನು ಮಲಗುವ ಕೋಣೆಗೆ ಕರೆದೊಯ್ದು, “ಇಲ್ಲಿ ನಿಲ್ಲಿ, ನಿಮ್ಮ ಗಂಡನಿಗೆ ಫೋನ್ ಮಾಡಿ ಕುಟ್ಟಲು ಹೇಳಿ” ಎಂದರು. ನನ್ನ ಗಂಡ ಮೇಲೆ ಕುಟ್ಟಿದರು. ನನ್ನ ಅಡುಗೆಮನೆಯಲ್ಲಿ ಠಕ್ ಠಕ್ ಎಂದು ಕೇಳುತ್ತಿದ್ದ ಸದ್ದು ಆ ಕೋಣೆಯ ಚಾವಣಿಯಲ್ಲಿ ದೊಡ್ಡ ಸುತ್ತಿಗೆಯ ಏಟಾಗಿತ್ತು. ಕಲ್ಲಿನ ಪೆಟ್ಟು ಕಟ್ಟೆಯಿಂದ ಗೋಡೆಗೆ ಇಳಿದು, ಗೋಡೆಯಿಂದ ಕಾಂಕ್ರೀಟಿಗೆ ಹರಿದು ಕೆಳಗೆ ಮಲಗಿದವರ ತಲೆಯ ಮೇಲೆ ಬೀಳುತ್ತದೆ. ಮಾತಾಡುವ ದನಿಯನ್ನು ಗೋಡೆ ಒಂದಿಷ್ಟು ತಡೆಯುತ್ತದೆ, ಇಂಥ ಪೆಟ್ಟನ್ನು ತಾನೇ ಹೊತ್ತೊಯ್ಯುತ್ತದೆ. ಸ್ನಾನದ ಟವೆಲನ್ನು ನಾಲ್ಕು ಮಡಿಕೆ ಮಾಡಿ ಕುಟ್ಟಾಣಿಯ ಕೆಳಗಿಟ್ಟು ಮತ್ತೆ ಕುಟ್ಟಿಸಿದೆವು. ಕಿವಿಗೊಟ್ಟು ಆಲಿಸಿದರೆ ಮಾತ್ರ ಕೇಳುವಷ್ಟಾಯಿತು. ನಿನ್ನ ಮಿಕ್ಸಿಗೂ ಅದೇ ಮದ್ದು, ಕೆಳಗೆ ದಪ್ಪನೆಯ ರಬ್ಬರ್ ಚಾಪೆ ಹಾಕು, ಗೋಡೆಗೆ ತಾಗಿಸಬೇಡ. ಮನೆಯೊಳಗೆ ಮೆತ್ತನೆಯ ಚಪ್ಪಲಿ ಹಾಕಿಕೋ. ನಾವು ಬರಿಗಾಲಿನಲ್ಲಿ ಹಿಮ್ಮಡಿ ಊರಿ ನಡೆಯುವವರು, ಹಳೆಯ ಮರದ ನೆಲದ ಕೆಳಗೆ ಅದು ಎಷ್ಟು ಕೇಳುತ್ತದೆ ಎಂದು ನಮಗೆ ಗೊತ್ತೇ ಆಗುವುದಿಲ್ಲ.

ಇನ್ನು ನಿಯಮದ ಮಾತು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸದ್ದು ಕೋಣೆಯೊಳಗೇ ಉಳಿಯಬೇಕು, ಇದು ಜರ್ಮನಿಯಲ್ಲಿ ಎಲ್ಲ ಕಡೆಯ ರೂಢಿ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಪೂರ್ತಿ ಮೌನದ ದಿನ. ಗೋಡೆ ಕೊರೆಯುವುದು, ಸುತ್ತಿಗೆ ಬಡಿಯುವುದು, ಖಾಲಿ ಬಾಟಲಿಗಳನ್ನು ಬೀದಿಯ ಗಾಜಿನ ತೊಟ್ಟಿಗೆ ಹಾಕುವುದು, ಇವೆಲ್ಲ ಅಂದು ಬೇಡ. ಹುಲ್ಲು ಕತ್ತರಿಸುವ ಯಂತ್ರಕ್ಕಂತೂ ದೇಶಕ್ಕೆಲ್ಲ ಒಂದೇ ಕಟ್ಟಳೆ: ವಾಸದ ಬಡಾವಣೆಗಳಲ್ಲಿ ಭಾನುವಾರ ಇಡೀ ದಿನ ಇಲ್ಲ, ಉಳಿದ ದಿನ ರಾತ್ರಿ 8ರಿಂದ ಬೆಳಿಗ್ಗೆ 7ರವರೆಗೆ ಇಲ್ಲ. ಕೆಲವು ಕಟ್ಟಡಗಳಲ್ಲಿ ಮಧ್ಯಾಹ್ನ 1ರಿಂದ 3ರವರೆಗೂ ಸುಮ್ಮನಿರಬೇಕು. ಅದು ನಿನ್ನ ಬಾಡಿಗೆ ಕರಾರಿನ ಜೊತೆಗೆ ಕೊಟ್ಟಿರುವ ‘ಹೌಸ್‌ಓರ್ಡ್ನುಂಗ್’ ಎಂಬ ಮನೆಯ ನಿಯಮಾವಳಿಯಲ್ಲಿ ಇರುತ್ತದೆ, ಇವತ್ತೇ ತೆಗೆದು ಓದು. ಕಾರಣವಿಲ್ಲದೆ ಅತಿಯಾಗಿ ಸದ್ದು ಮಾಡಿ ನೆರೆಯವರನ್ನು ಕಾಡಿದರೆ 5000 ಯೂರೋ ತನಕ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಒಂದು ದಿನದ ಚಟ್ನಿಗೆ ಯಾರೂ ದಂಡ ಹಾಕುವುದಿಲ್ಲ.

ಭಾನುವಾರದ ಈ ಬಿಡುವು ನೆರೆಮನೆಯವರು ಹೊಸದಾಗಿ ಹುಟ್ಟಿಸಿದ್ದಲ್ಲ. ಜರ್ಮನಿಯ 1919ರ ವೈಮಾರ್ ಸಂವಿಧಾನದ 139ನೇ ವಿಧಿ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ರಕ್ಷಿಸಿತು, ಈಗಿನ ಸಂವಿಧಾನವಾದ 1949ರ ‘ಮೂಲ ಕಾನೂನು’ ಅದನ್ನು ಹಾಗೆಯೇ ಉಳಿಸಿಕೊಂಡಿತು. ಅಂದು ಅಂಗಡಿಗಳು ಮುಚ್ಚಿರುವುದೂ ಅದರಿಂದಲೇ. ಎಲ್ಲವನ್ನೂ ನಿಷೇಧಿಸಿದ್ದಾರೆ ಎಂದೂ ತಿಳಿಯಬೇಡ. ತುತ್ತೂರಿ ನುಡಿಸುವವನೊಬ್ಬನ ಮೇಲೆ ನೆರೆಯವರು ಹೂಡಿದ್ದ ಮೊಕದ್ದಮೆಯಲ್ಲಿ ಸಿವಿಲ್ ಮೊಕದ್ದಮೆಗಳ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ, ಮನೆಯಲ್ಲಿ ಸಂಗೀತ ಅಭ್ಯಾಸ ಮಾಡುವುದನ್ನು ಪೂರ್ತಿ ತಡೆಯಲಾಗದು, ಕೆಲಸದ ದಿನ ಎರಡು ಮೂರು ಗಂಟೆ ನುಡಿಸಬಹುದು ಎಂದು ಅಂದಾಜು ಕೊಟ್ಟಿತು. ನಿನ್ನ ಹೆಂಡತಿ ವೀಣೆ ಕಲಿತವಳು ಎಂದಿದ್ದೆಯಲ್ಲ, ಧಾರಾಳವಾಗಿ ತರಲಿ.

ಮಗುವಿನ ಚಿಂತೆಯನ್ನು ಇಂದೇ ಬಿಡು. ಕೂಸು ನಡುರಾತ್ರಿ ಅತ್ತರೆ ಅದು ಅಪರಾಧವಲ್ಲ, ಕೆಳಮನೆಯವರು ಸಹಿಸಿಕೊಳ್ಳಲೇಬೇಕು. ಶಿಶುವಿಹಾರದ, ಆಟದ ಅಂಗಳದ ಮಕ್ಕಳ ಗಲಾಟೆಯನ್ನು ಸಾಮಾನ್ಯವಾಗಿ ಹಾನಿಕರ ಸದ್ದೆಂದು ಎಣಿಸಬಾರದು ಎಂದು 2011ರಲ್ಲಿ ಕಾನೂನನ್ನೇ ತಿದ್ದಿದ್ದಾರೆ. ಯಂತ್ರದ ಸದ್ದಿಗೂ ಮಗುವಿನ ಸದ್ದಿಗೂ ಅಂತರ ಕಂಡ ಆ ತಿದ್ದುಪಡಿ ನನಗೆ ಬಹಳ ಇಷ್ಟ.

ನೀನು ನಿಜವಾಗಿ ತಿದ್ದಿಕೊಳ್ಳಬೇಕಾದದ್ದು ಫೋನ್. ನಿನ್ನ ಅಪ್ಪ ಹಾಲು ಹಾಕಲು ಐದೂವರೆಗೆ ಏಳುತ್ತಾರೆ, ಆಗಲೇ ಮಾತಾಡಬೇಕು ಎಂದು ಬರೆದಿದ್ದೀಯೆ. ಚಳಿಗಾಲದಲ್ಲಿ ಆಗ ಅಲ್ಲಿ ರಾತ್ರಿ ಒಂದು ಗಂಟೆ. ಅಪ್ಪನಿಗೆ ಕೇಳಲಿ ಎಂದು ನೀನು ದನಿ ಏರಿಸುತ್ತೀಯೆ, ಅವರು ಅಲ್ಲಿಂದ ಇನ್ನೂ ಏರಿಸುತ್ತಾರೆ, ಸ್ಪೀಕರ್ ಬೇರೆ ಹಾಕಿರುತ್ತೀಯೆ. ಅದನ್ನು ಅಲ್ಲಿನ ಸಂಜೆ ಐದಕ್ಕೆ, ಊರಿನ ರಾತ್ರಿ ಒಂಬತ್ತೂವರೆಗೆ ಬದಲಿಸು. ಊಟ ಮುಗಿಸಿ ಕುಳಿತ ಅಪ್ಪ ಹೆಚ್ಚು ಹೊತ್ತು ಮಾತಾಡುತ್ತಾರೆ.

ನಮಗೆ ಸದ್ದು ಎಂದರೆ ಜೊತೆ. ಆಲೂರಿನ ಕಡೆ ನಮ್ಮ ತೋಟದ ಮನೆಯಲ್ಲಿ ಆನೆ ಬಂದ ರಾತ್ರಿ ಪಟಾಕಿ ಹೊಡೆದು, ತಗಡು ಬಡಿದು, ಕೂಗಿ ಜೀವ ಉಳಿಸಿಕೊಂಡವರು ನಾವು. ಮನೆಯಲ್ಲಿ ಸದ್ದಿಲ್ಲ ಎಂದರೆ ಯಾರಿಗೋ ಏನೋ ಆಗಿದೆ ಎಂದೇ ಅರ್ಥ. ಹಾಗಾಗಿ ಮೊದಲ ಭಾನುವಾರಗಳಲ್ಲಿ ಆ ಬೀದಿಯ ಮೌನ ಎದೆಯ ಮೇಲೆ ಕೂರುತ್ತದೆ ಎಂದು ನೀನು ಬರೆದದ್ದು ನನಗೆ ಅರ್ಥವಾಗುತ್ತದೆ.

ಆದರೆ ಐದು ವರ್ಷದ ಹಿಂದೆ ಇದೇ ಮನೆಯಲ್ಲಿ ನನ್ನ ಯೋಚನೆ ಬದಲಾಯಿತು. ನನ್ನ ಅಪ್ಪನಿಗೆ ಹೃದಯಾಘಾತವಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ದಿನ, ಹಿಂದಿನ ಬೀದಿಯಲ್ಲಿ ಮದುವೆಮನೆಯ ಡಿಜೆ. ರಾತ್ರಿ ಹನ್ನೊಂದೂವರೆಯಾದರೂ ನಿಲ್ಲಲಿಲ್ಲ. ಕಿಟಕಿಯ ಗಾಜು ಗುಂಯ್‌ಗುಡುತ್ತಿತ್ತು. ಅಪ್ಪ ಮಾತಿಲ್ಲದೆ ಅಂಗೈಯನ್ನು ಎದೆಗೆ ಒತ್ತಿಕೊಂಡು ಮಲಗಿದ್ದರು, ಆ ಕೈ ಪ್ರತಿ ಬಡಿತಕ್ಕೂ ಸಣ್ಣಗೆ ಅದುರುತ್ತಿತ್ತು. ನಮ್ಮ ದೇಶದಲ್ಲೂ ಕಾನೂನು ಇದೆಯಪ್ಪಾ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸರ್ಕಾರ ವಿನಾಯಿತಿ ಕೊಡಬಹುದು, ಅಷ್ಟೇ. ಗಂಟೆ ನೋಡು, ಅಲ್ಲಿಯದೂ ಇಲ್ಲಿಯದೂ ಒಂದೇ. ಅಲ್ಲಿ ಅದನ್ನು ಕೇಳಿ ಪಡೆಯುತ್ತಾರೆ, ಇಲ್ಲಿ ಕೇಳುವುದಕ್ಕೇ ನಾಚುತ್ತೇವೆ.

ಕೊನೆಗೆ ನನ್ನ ಒಡಹುಟ್ಟಿದ ತಮ್ಮ ಎದ್ದು ಹೋಗಿ ಅಪ್ಪನ ವಿಷಯ ಹೇಳಿದ. ಕೂಡಲೇ ನಿಲ್ಲಿಸಿದರು. ಮರುದಿನ ಹುಡುಗನ ಸೋದರಮಾವ ಮನೆಗೇ ಬಂದು, “ಮೊದಲೇ ಹೇಳಬಾರದಿತ್ತೇ, ನಮಗೆ ತಿಳಿಯಲಿಲ್ಲ” ಎಂದು ಅಪ್ಪನ ಕೈಹಿಡಿದು ನೊಂದುಕೊಂಡರು. ಕೆಟ್ಟವರಲ್ಲ, ಗೋಡೆಯಾಚೆ ಯಾರು ಹೇಗೆ ಮಲಗಿದ್ದಾರೆ ಎಂದು ಗೊತ್ತಿರಲಿಲ್ಲ. ನನ್ನ ಕುಟ್ಟಾಣಿಯ ಕೆಳಗೆ ದಾದಿ ಮಲಗಿದ್ದು ನನಗೆ ಗೊತ್ತಿತ್ತೇ?

ನಿನ್ನ ಕೆಳಮನೆಯವರು ತಿಳಿಸಿದ್ದಾರೆ. ಹೆಸರು ಹಾಕಿ ಬರೆದಿದ್ದಾರೆ ಎಂದೆಯಲ್ಲ, ಅದನ್ನು ಒಳ್ಳೆಯ ಲಕ್ಷಣ ಎಂದೇ ನಾನು ಓದುತ್ತೇನೆ. ದ್ವೇಷವಿದ್ದರೆ ದಿನ, ಗಂಟೆ ಗುರುತು ಹಾಕಿಟ್ಟುಕೊಂಡು ನೇರ ಮನೆಯ ಮಾಲೀಕರಿಗೆ ಕೊಡುತ್ತಿದ್ದರು, ಇಲ್ಲವೇ ರಾತ್ರಿಯೇ ಪೊಲೀಸರನ್ನು ಕರೆಯುತ್ತಿದ್ದರು. ಬಣ್ಣ ನೋಡಿ ಹೀಗಳೆಯುವವರು ಅಲ್ಲಿ ಇಲ್ಲವೆಂದಲ್ಲ, ನಾನೂ ಕಂಡಿದ್ದೇನೆ. ಅಂಥವರು ಹೆಸರು, ಮಹಡಿ ಬರೆದು “ದಯವಿಟ್ಟು” ಎನ್ನುವುದನ್ನು ಮಾತ್ರ ಕಂಡಿಲ್ಲ.

ಈ ವಾರದಲ್ಲೇ ಸಂಜೆ ಆರರ ಸುಮಾರಿಗೆ ಕೆಳಗೆ ಹೋಗು. ನಿನ್ನ ಅಮ್ಮ ಕಟ್ಟಿಕೊಟ್ಟ ಕೋಡುಬಳೆ ಉಳಿದಿದ್ದರೆ ಒಂದು ಡಬ್ಬಿಯಲ್ಲಿ ಒಯ್ಯಿ. ಜರ್ಮನ್ ಬಾರದಿದ್ದರೂ ಪರವಾಗಿಲ್ಲ, ಕ್ಷಮಿಸಿ ಎಂಬ ಪದ ಬಂದರೆ ಸಾಕು. ಮಗು ಬರುತ್ತದೆ ಎಂದು ಈಗಲೇ ಹೇಳು. ಮುಂದೆ ಗಣೇಶನ ಹಬ್ಬಕ್ಕೋ ಮಗುವಿನ ಹುಟ್ಟುಹಬ್ಬಕ್ಕೋ ಜನ ಸೇರುವಾಗ ಎರಡು ಮೂರು ದಿನ ಮೊದಲೇ ಮೆಟ್ಟಿಲ ಬಳಿ ಒಂದು ಕಾಗದ ಅಂಟಿಸು, ನಿನ್ನ ಮೊಬೈಲ್ ಸಂಖ್ಯೆ ಬರೆ. ಹಾಗೆಂದು ಹತ್ತರ ಮೇಲೆ ಹಾಡು ಹಾಕಬಹುದು ಎಂದಲ್ಲ, ಆಗ ಕಿಟಕಿ ಮುಚ್ಚಿ ಮೆಲ್ಲಗೆ ಮಾತಾಡಿ.

ನಾನು ಜನವರಿ ಎರಡನೇ ವಾರ ಹಿಂದಿರುಗುತ್ತೇನೆ. ಅಷ್ಟರೊಳಗೆ ಅವರು ಏನೆಂದರು ಎಂದು ಬರೆದು ತಿಳಿಸು. ಒಬ್ಬನೇ ಹೋಗಲು ಮನಸ್ಸು ಬಾರದಿದ್ದರೆ ಕಾದಿರು, ನಾನೇ ನಿನ್ನ ಜೊತೆ ಇಳಿದು ಬರುತ್ತೇನೆ.