ಹಳೇ ಕಾರಿನ ಇಂಜಿನ್‌ನಲ್ಲಿ ಟಿಕ್ ಟಿಕ್ ಸದ್ದು: ಬಿಚ್ಚಿಸುವ ಮೊದಲು ಮನೆಯಲ್ಲಿ ಏನು ನೋಡಬಹುದು?

ನಿಮ್ಮದು 2004ರ ಮಾರುತಿ 800. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಸದ್ದು. ಹತ್ತು ನಿಮಿಷ ಓಡಿದ ಮೇಲೆ ಕಡಿಮೆಯಾಗುತ್ತದೆ. ಗ್ಯಾರೇಜಿನವರು ಇಂಜಿನ್ ಬಿಚ್ಚಬೇಕು ಎಂದಿದ್ದಾರೆ. ಅದಕ್ಕೆ ಮೊದಲು ಮನೆಯಲ್ಲೇ ಏನಾದರೂ ನೋಡಲು ಆಗುತ್ತದೆಯೇ ಎಂದು ಕೇಳಿದ್ದೀರಿ. ಆಗುತ್ತದೆ. ಬಿಚ್ಚಲು ಒಪ್ಪುವ ಮೊದಲು ನೋಡಲೇಬೇಕು.

ನಾನು ಬದಿಯಡ್ಕದ ಹತ್ತಿರದವನು. ಅಡಕೆ ತೋಟ ನನ್ನ ಕೆಲಸ, ಮೆಕ್ಯಾನಿಕ್ ಅಲ್ಲ. ಆದರೆ ನಿಮ್ಮಂಥದ್ದೇ ಕಾರನ್ನು ಬಹಳ ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ನಮ್ಮ ಕಾಸರಗೋಡಿನ ಕಡೆ ಮನೆ, ತೋಟ ಎಲ್ಲ ಕೆಳಗೆ, ಡಾಂಬರು ರಸ್ತೆ ಗುಡ್ಡದ ಮೇಲೆ. ರಾತ್ರಿಯೆಲ್ಲ ತಣ್ಣಗೆ ನಿಂತ ಇಂಜಿನ್ ಬೆಳಿಗ್ಗೆ ಮೊದಲ ನಿಮಿಷಕ್ಕೇ ಫಸ್ಟ್ ಗೇರಿನಲ್ಲಿ ಕಡಿದಾದ ಏರು ಹತ್ತಬೇಕು. ಹಾಗಾಗಿ ಇಲ್ಲಿ ಹಳೇ ಕಾರು ಇಟ್ಟುಕೊಂಡವರಿಗೆಲ್ಲ ಸದ್ದಿನ ಚಿಂತೆ ಇದ್ದದ್ದೇ.

ಮೊದಲ ಸಲ ನನ್ನ ಕಾರು ಸದ್ದು ಮಾಡಿದಾಗ ಕುಂಬಳೆಯ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋಗಿದ್ದೆ. ಅವರು ಮಾತಾಡುವುದು ಮಲಯಾಳ. ನಾನು ಟಕ ಟಕ, ಕಟ ಕಟ ಎಂದೆಲ್ಲ ಬಾಯಲ್ಲಿ ಸದ್ದು ಮಾಡಿ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು. ‘ಎಪ್ಪೋ?’ ಅಂದರೆ ಯಾವಾಗ? ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ನಿಂತಲ್ಲೋ, ಏರಿನಲ್ಲೋ? ಕ್ಲಚ್ ಒತ್ತಿದಾಗಲೋ, ಬಿಟ್ಟಾಗಲೋ? ಮಳೆ ಬಂದ ದಿನ ಜಾಸ್ತಿಯೋ? ಒಂದಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. ಒಂದು ವಾರ ನೋಡಿ, ಬರೆದುಕೊಂಡು ಬಾ ಎಂದು ಕಳಿಸಿದರು. ಅವತ್ತಿನಿಂದ ನಾನು ಸದ್ದಿನ ಹೆಸರು ಹುಡುಕುವುದನ್ನು ಬಿಟ್ಟು, ಅದು ಬರುವ ಹೊತ್ತನ್ನು ನೋಡುತ್ತೇನೆ. ನೀವೂ ಒಂದು ಹಳೇ ನೋಟ್‌ಬುಕ್ ಕಾರಿನಲ್ಲಿಡಿ. ಸದ್ದು ಬಂದಾಗ ಫೋನಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಇಂಜಿನ್ ಬಿಸಿಯಾಗಿ ಸದ್ದು ನಿಂತಿರುತ್ತದೆ ಅಲ್ವಾ? ಆಗ ಆ ರೆಕಾರ್ಡಿಂಗೇ ನಿಮ್ಮ ಸಾಕ್ಷಿ.

ಎಲ್ಲಕ್ಕಿಂತ ಮೊದಲು ಆಯಿಲ್ ನೋಡಿ. ಕಾರನ್ನು ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಆಫ್ ಮಾಡಿ ಐದು ನಿಮಿಷ ಬಿಡಿ. ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಹಾಕಿ ಎಳೆಯಿರಿ. ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆ ಇದ್ದರೆ ಇಂಜಿನ್ ಮೇಲ್ಭಾಗದಲ್ಲಿ ವಾಲ್ವ್‌ಗಳನ್ನು (ಗಾಳಿ, ಹೊಗೆಯ ಬಾಗಿಲುಗಳನ್ನು) ತೆರೆಯುವ ಟ್ಯಾಪೆಟ್‌ಗಳಿಗೆ ಆಯಿಲ್ ಸರಿಯಾಗಿ ತಲುಪದೆ ಟಿಕ್ ಟಿಕ್ ಬರಬಹುದು. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಆಗ ಸ್ಟಾರ್ಟ್ ಮಾಡಲೇಬೇಡಿ.

ಆಯಿಲ್ ಸರಿ ಇದ್ದರೆ, ನೀವು ಹೇಳಿದ ಲಕ್ಷಣಕ್ಕೆ ನನ್ನ ಮೊದಲ ಅನುಮಾನ ಇಂಜಿನ್ ಒಳಗಿನದ್ದಲ್ಲ, ಹೊರಗಿನದ್ದು. ಇಂಜಿನ್‌ನಿಂದ ಹೊಗೆ ಹೊರಬರುವ ಕಡೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಬ ಎರಕದ ಪೈಪು ಇದೆ. ಅದಕ್ಕೂ ಇಂಜಿನ್‌ಗೂ ನಡುವೆ ಗ್ಯಾಸ್ಕೆಟ್ ಎಂಬ, ಸಂದು ಮುಚ್ಚುವ ತೆಳು ಹಾಳೆ. ಅದು ಹಳತಾಗಿ ಸಣ್ಣ ಸಂದು ಬಿಟ್ಟರೆ, ಒಂದೊಂದು ಸಲ ಹೊಗೆ ಚಿಮ್ಮುವಾಗಲೂ ಟಿಕ್ ಎನ್ನುತ್ತದೆ. ಕೇಳಿದರೆ ಥೇಟ್ ಟ್ಯಾಪೆಟ್ ಸದ್ದೇ. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚುತ್ತದೆ, ಸದ್ದು ಅಡಗುತ್ತದೆ. ಬೆಳಿಗ್ಗೆ ಜೋರು, ಹತ್ತು ನಿಮಿಷಕ್ಕೆ ಕಡಿಮೆ ಎಂದು ನೀವು ಬರೆದದ್ದಕ್ಕೆ ಇದು ಚೆನ್ನಾಗಿ ಹೊಂದುತ್ತದೆ.

ನೋಡುವುದು ಕಷ್ಟವಲ್ಲ. ಇಂಜಿನ್ ಪೂರ್ತಿ ತಣ್ಣಗಿರುವಾಗ ಟಾರ್ಚ್ ಹಾಕಿ ಆ ಜೋಡಣೆಯ ಸುತ್ತ ನೋಡಿ. ಸೋರುವ ಕಡೆ ಕಪ್ಪು ಮಸಿ ಹಿಡಿದಿರುತ್ತದೆ. ಆಮೇಲೆ ಮನೆಯವರೊಬ್ಬರನ್ನು ಸ್ಟಾರ್ಟ್ ಮಾಡಲು ಹೇಳಿ, ಒದ್ದೆ ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಸೈಲೆನ್ಸರಿನ ಬಾಯಿಗೆ ಎರಡು ಮೂರು ಸೆಕೆಂಡು ಒತ್ತಿ ಹಿಡಿಯಿರಿ. ಹೊರಗೆ ಹೋಗಲು ದಾರಿ ಸಿಗದ ಹೊಗೆ ಸಂದಿನಿಂದ ನುಗ್ಗುತ್ತದೆ. ಟಿಕ್ ಟಿಕ್ ಜೋರಾದರೆ ಸೋರಿಕೆ ಎಂದು ಬಹುಮಟ್ಟಿಗೆ ಹೇಳಬಹುದು. ಇದನ್ನು ಅಂಗಳದಲ್ಲೇ ಮಾಡಿ, ಶೆಡ್ಡಿನೊಳಗೆ ಬೇಡ. ಇಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಜೀವಕ್ಕೆ ಅಪಾಯ. ಸೋರಿಕೆ ಇದ್ದ ಕಾರಿನಲ್ಲಿ ಗಾಜು ಏರಿಸಿಕೊಂಡು ಓಡುವುದೂ ಒಳ್ಳೆಯದಲ್ಲ. ಅಲ್ಲಿನ ಬೋಲ್ಟುಗಳನ್ನು ನೀವೇ ಬಿಗಿ ಮಾಡಲು ಹೋಗಬೇಡಿ. ಎಷ್ಟೋ ವರ್ಷ ಬೆಂದು ತುಕ್ಕು ಹಿಡಿದಿರುತ್ತವೆ, ಪಟ್ಟನೆ ತುಂಡಾಗುತ್ತವೆ.

ಎರಡನೆಯದು ಪ್ಲಗ್ ವಯರ್, ಅಂದರೆ ಪೆಟ್ರೋಲಿಗೆ ಕಿಡಿ ಕೊಡುವ ಪ್ಲಗ್ಗಿಗೆ ಕರೆಂಟು ಒಯ್ಯುವ ವಯರ್. ಇದು ನನ್ನ ಸ್ವಂತ ಅನುಭವ. ಒಂದು ಆಟಿ ತಿಂಗಳು, ಬಿಡದ ಮಳೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸಣ್ಣಗೆ ಟಿಕ್ ಟಿಕ್, ಜೊತೆಗೆ ಇಂಜಿನ್ ಮುಗ್ಗರಿಸುವುದು. ಬಿಸಿಲು ಬಂದ ದಿನ ಏನೂ ಇಲ್ಲ. ಒಂದು ಗ್ಯಾರೇಜಿನಲ್ಲಿ ಹೆಡ್, ಅಂದರೆ ಇಂಜಿನ್‌ನ ಮೇಲ್ಭಾಗ, ಬಿಚ್ಚಬೇಕು ಎಂದರು. ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲ ಕಡೆ ‘ಮಳೆ’ ಎಂದೇ ಇತ್ತು. ಒಳಗಿನ ಕಬ್ಬಿಣಕ್ಕೆ ಮಳೆ, ಬಿಸಿಲು ಗೊತ್ತಾಗುವುದಿಲ್ಲವಲ್ಲ ಎನ್ನಿಸಿತು. ರಾತ್ರಿ ಊಟ ಆದ ಮೇಲೆ ಶೆಡ್ಡಿನಿಂದ ಕಾರನ್ನು ಮಾಡಿನ ತುದಿಗೆ ತಂದು, ದೀಪ ಎಲ್ಲ ಆರಿಸಿ, ಬೋನೆಟ್ ಎತ್ತಿ ಸ್ಟಾರ್ಟ್ ಮಾಡಿದೆ. ಕತ್ತಲಲ್ಲಿ ಪ್ಲಗ್ ವಯರಿನಿಂದ ಪಕ್ಕದ ಕಬ್ಬಿಣಕ್ಕೆ ನೀಲಿ ಕಿಡಿ ಹಾರುವುದು ಚೆನ್ನಾಗಿ ಕಾಣಿಸಿತು. ಒಂದೊಂದು ಕಿಡಿಗೂ ಒಂದೊಂದು ಟಿಕ್. ಪಕ್ಕದಲ್ಲೇ ಅಡಕೆ ರಾಶಿ ಹಾಕಿದ್ದರಿಂದ ಇಲಿಗಳು ಬಂದು ವಯರಿನ ರಬ್ಬರ್ ಕಡಿದಿದ್ದವು. ಹೊಸ ವಯರ್ ಸೆಟ್ ಹಾಕಿಸಿದೆ, ಅಷ್ಟೇ. ನೀವೂ ಒಂದು ರಾತ್ರಿ ಹೀಗೆ ನೋಡಿ. ನೋಡುವುದು ಮಾತ್ರ, ಮುಟ್ಟಬಾರದು. ಆ ವಯರಿನಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಮೂರನೆಯದು ಟ್ಯಾಪೆಟ್. ಹೊಲಿಗೆ ಮಿಷನ್ ಓಡಿದ ಹಾಗೆ ಒಂದೇ ಸಮನೆ ಸದ್ದು, ಬೋನೆಟ್ ಎತ್ತಿದರೆ ಮೇಲಿನ ಮುಚ್ಚಳದ ಕಡೆಯಿಂದ ಬರುತ್ತದೆ. ಎಕ್ಸಲರೇಟರ್ ಕೊಟ್ಟರೆ ವೇಗವಾಗುತ್ತದೆ. ಮಾರುತಿ 800ರಲ್ಲಿ ಟ್ಯಾಪೆಟ್ ಸಂದನ್ನು ಸ್ಕ್ರೂ ತಿರುಗಿಸಿ ಸರಿ ಮಾಡಬಹುದು. ಅದಕ್ಕೆ ಮೇಲಿನ ಮುಚ್ಚಳ ತೆಗೆದರೆ ಸಾಕು, ಇಂಜಿನ್ ಬಿಚ್ಚಬೇಕಾಗಿಲ್ಲ. ಒಂದು ಮಾತು ಮರೆಯಬೇಡಿ. ಸದ್ದೇ ಇರಬಾರದು ಎಂದು ಟ್ಯಾಪೆಟ್ ಬಿಗಿ ಮಾಡಿಸಬೇಡಿ. ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ. ಸ್ವಲ್ಪ ಟಿಕ್ ಟಿಕ್ ಇರುವ ಟ್ಯಾಪೆಟ್ಟೇ ವಾಸಿ.

ಈ ಮೂರರಲ್ಲಿ ಯಾವುದು ಎಂದು ತಿಳಿಯಲು ತೋಟಕ್ಕೆ ನೀರು ಬಿಡುವ ಪೈಪಿನ ಒಂದು ಮೀಟರ್ ತುಂಡು ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಇಂಜಿನ್‌ನ ಒಂದೊಂದು ಕಡೆಗೂ ಹಿಡಿಯುತ್ತಾ ಹೋಗಿ. ಸದ್ದಿನ ಜಾಗಕ್ಕೆ ಬಂದಾಗ ಕಿವಿಯಲ್ಲೇ ಬಡಿದ ಹಾಗೆ ಕೇಳುತ್ತದೆ. ಉದ್ದ ಸ್ಕ್ರೂಡ್ರೈವರನ್ನೂ ಕೆಲವರು ಬಳಸುತ್ತಾರೆ. ನನಗೆ ಪೈಪೇ ಇಷ್ಟ, ಜಾರಿದರೂ ಗಾಯ ಆಗುವುದಿಲ್ಲ. ಆದರೆ ಲುಂಗಿ ಎತ್ತಿ ಕಟ್ಟಿ, ಹೆಗಲ ಬೈರಾಸು ತೆಗೆದಿಟ್ಟು ಬಗ್ಗಿ. ಬೆಲ್ಟಿಗೆ ಬಟ್ಟೆ ಸಿಕ್ಕಿದರೆ ಕೈ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ರೇಡಿಯೇಟರ್ ಫ್ಯಾನ್ ಕರೆಂಟಿನದ್ದು, ಬಿಸಿಯಾದಾಗ ತಾನಾಗಿಯೇ ತಿರುಗಲು ಶುರುವಾಗುತ್ತದೆ.

ಬೇರೆ ಸದ್ದುಗಳೂ ಇದ್ದರೆ ಎಂದು ಚಿಕ್ಕದಾಗಿ ಹೇಳುತ್ತೇನೆ. ಮಳೆಗಾಲದ ಬೆಳಿಗ್ಗೆ ಕೀಂಯ್ ಎಂದು ಕೂಗಿ ನಿಂತರೆ ಡೈನಮೋ ಬೆಲ್ಟ್. ಓಡುವ ಬೆಲ್ಟಿನ ಮೇಲೆ ದೂರದಿಂದ ನಾಲ್ಕು ಹನಿ ನೀರು ಚಿಮುಕಿಸಿ. ಕೂಗು ಜಾಸ್ತಿಯಾದರೆ ಬೆಲ್ಟ್ ಸಡಿಲ, ಒಂದು ಕ್ಷಣ ನಿಂತು ಮತ್ತೆ ಬಂದರೆ ಬೆಲ್ಟ್ ಸವೆದಿದೆ ಅಥವಾ ಪುಲ್ಲಿ ಸಾಲು ತಪ್ಪಿದೆ. ಬೆಲ್ಟಿಗೆ ಎಣ್ಣೆ ಮಾತ್ರ ಹಾಕಬೇಡಿ. ನ್ಯೂಟ್ರಲ್‌ನಲ್ಲಿ ಗರಗರ ಎಂದು, ಕ್ಲಚ್ ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಬೇರಿಂಗ್ ಕಡೆ ಅನುಮಾನ. ಒತ್ತಿದಾಗಲೇ ಬಂದರೆ ಕ್ಲಚ್ ಬೇರಿಂಗ್. ದೊಡ್ಡ ಗೇರಿನಲ್ಲಿ ಏರು ಹತ್ತುವಾಗ ಗಾಜಿನ ಗೋಲಿ ಅಲ್ಲಾಡಿಸಿದ ಹಾಗೆ ಕಟಕಟ ಬಂದರೆ ಕೂಡಲೇ ಗೇರ್ ಇಳಿಸಿ. ಹಾಗೂ ನಿಲ್ಲದಿದ್ದರೆ ಟೈಮಿಂಗ್ (ಕಿಡಿ ಹಾರುವ ಹೊತ್ತು), ಪ್ಲಗ್ ನೋಡಿಸಿ, ಇಂಜಿನ್ ಅತಿಯಾಗಿ ಬಿಸಿಯಾಗುತ್ತಿದೆಯೇ ಎಂದೂ ನೋಡಿ.

ಮನೆಯಲ್ಲಿ ಪರೀಕ್ಷೆ ಮಾಡುತ್ತಾ ಕೂರಬಾರದ ಸದ್ದು ಒಂದೇ. ಅಡಿಯಿಂದ, ಒನಕೆ ಕುಟ್ಟಿದ ಹಾಗೆ ದಪ್ಪನೆಯ ಢಬ್ ಢಬ್. ಬಿಸಿಯಾದಷ್ಟೂ ಜೋರು, ಜೊತೆಗೆ ಆಯಿಲ್ ದೀಪ. ನನ್ನ ಸೋದರಮಾವನ ಕಾರಿನ ಆಯಿಲ್ ಸಂಪು (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಮನೆಯ ಕಚ್ಚಾ ದಾರಿಯ ಕೆಂಪುಕಲ್ಲಿಗೆ ತಾಗಿ ಬಿರುಕು ಬಿಟ್ಟಿತ್ತು. ಯಾರೂ ಗಮನಿಸಲಿಲ್ಲ. ಸೀತಾಂಗೋಳಿ ದಾಟಿ ಕುಂಬಳೆ ಕಡೆ ಬರುವಾಗ ಕೆಂಪು ದೀಪ ಹೊತ್ತಿತು. ಇನ್ನು ಸ್ವಲ್ಪ ದೂರ ತಾನೇ ಎಂದು ಮಾವ ಓಡಿಸಿದರು. ಪಿಸ್ಟನ್ನಿನ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಯಿತು, ಅದು ತಿರುಗಿಸುವ ಕ್ರ್ಯಾಂಕ್ ದಂಡ ಕೂಡ ಗೀರು ಬಿದ್ದು ಹಾಳಾಯಿತು. ದೀಪ ಕಂಡಲ್ಲೇ ನಿಲ್ಲಿಸಿದ್ದರೆ ಸಂಪಿನ ಕೆಲಸದಲ್ಲಿ ಮುಗಿಯುತ್ತಿತ್ತು. ಈಗಲೂ ನೆನೆದರೆ ಬೇಸರವಾಗುತ್ತದೆ. ನಿಮ್ಮ ಸದ್ದು ಹೀಗಿದ್ದರೆ ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಹೋಗಿ, ಬಿಚ್ಚಬೇಕು ಎಂಬ ಅವರ ಮಾತೂ ಆಗ ಸರಿಯೇ.

ಆದರೆ ನೀವು ಬರೆದದ್ದು ಬಿಸಿಯಾದಾಗ ಕಡಿಮೆಯಾಗುವ ಸದ್ದು. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮ್ಯಾನಿಫೋಲ್ಡ್ ಹತ್ತಿರ ಮಸಿ ಇದೆಯೇ ನೋಡಿ, ಗೋಣಿ ಹಿಡಿದಾಗ ಸದ್ದು ಏನಾಯಿತು ಎಂದು ಇಲ್ಲೇ ಕೆಳಗೆ ಬರೆಯಿರಿ. ಅದನ್ನು ನೋಡಿ ಮುಂದಿನದ್ದು ಹೇಳುತ್ತೇನೆ.