ಸುತ್ತಿಗೆಯಿಂದ ತಟ್ಟಿದರೂ ಕಾಲು ಒದೆಯಲಿಲ್ಲ!

ಪ್ರಶ್ನೆ: ನನಗೆ 34 ವರ್ಷ. ತಲೆನೋವು ಅಂತ ಹೋದಾಗ ಡಾಕ್ಟರು ಮಂಡಿಯ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಎರಡೂ ಕಾಲು ಅಲ್ಲಾಡಲಿಲ್ಲ. ಕೈಬೆರಳುಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ಎಳೆಯಲು ಹೇಳಿ ಮತ್ತೆ ತಟ್ಟಿದಾಗ ಎರಡೂ ಚೂರು ಒದೆದವು. ಚೀಟಿಯಲ್ಲಿ 1+ ಎಂದಿದೆ. ಇದು ನರದೌರ್ಬಲ್ಯವೇ? ಜೊತೆಗಿದ್ದ ಅಪ್ಪನಿಗೆ 15 ವರ್ಷದಿಂದ ಶುಗರ್ ಇದೆ. ಅವರಿಗೆ ಹಿಮ್ಮಡಿಯ ಮೇಲೆ ತಟ್ಟಿದರೆ ಏನೂ ಆಗಲಿಲ್ಲ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಆ 'ನರದೌರ್ಬಲ್ಯ'ವನ್ನು ಬಿಡಿ. ಅದು ಟಾನಿಕ್ ಮಾರುವವರ ಮಾತು.

ಮಂಡಿಚಿಪ್ಪಿನ ಕೆಳಗೆ ತಟ್ಟಿದಾಗ ತೊಡೆಯ ಸ್ನಾಯು ಜಗ್ಗಿದಂತಾಗುತ್ತದೆ, ಆ ಸುದ್ದಿ ನರದ ದಾರಿಯಲ್ಲಿ ಬೆನ್ನುಹುರಿಗೆ ಹೋಗಿ ಅಲ್ಲಿಂದಲೇ ವಾಪಸ್ ಬಂದು ಕಾಲು ಒದೆಯುತ್ತದೆ. ಮಿದುಳಿನ ಅಪ್ಪಣೆ ಬೇಕಿಲ್ಲ. ಆದರೆ ಕಡಿವಾಣ ಮಾತ್ರ ಮಿದುಳಿನ ಕೈಯಲ್ಲೇ ಇರುತ್ತದೆ. ಲಕ್ವ ಹೊಡೆದ ಕೆಲವು ದಿನ, ವಾರಗಳ ಮೇಲೆ ಆ ಕಡೆಯ ಕಾಲು ಜೋರಾಗಿ ಒದೆಯಲು ಶುರುಮಾಡುವುದು ಇದರಿಂದಲೇ. ದಾರಿಯ ನರವೇ ಕೆಟ್ಟಿದ್ದರೆ ಒದೆತ ಕಮ್ಮಿಯಾಗುತ್ತದೆ, ಇಲ್ಲವೇ ಇರುವುದೇ ಇಲ್ಲ.

ಬೆರಳು ಕೊಕ್ಕೆ ಹಾಕಿಸುವ ಉಪಾಯ ಹಂಗೇರಿಯ ವೈದ್ಯ ಯೆಂದ್ರಾಸಿಕ್ ಅವರದು, 19ನೇ ಶತಮಾನದ್ದು. ಸುತ್ತಿಗೆ ಕಂಡರೆ ಜನ ಕಾಲು ಬಿಗಿ ಹಿಡಿಯುತ್ತಾರೆ. 'ಎಳೀರಿ' ಅಂದ ಕ್ಷಣಕ್ಕೇ ತಟ್ಟಿದರೆ ಅಡಗಿದ್ದ ಒದೆತ ಹೊರಗೆ ಬರುತ್ತದೆ, ನಿಮಗೆ ಆಗಿದ್ದೂ ಅದೇ. ಅಂಕ 0ಯಿಂದ 4ರವರೆಗೆ, 2 ಅಂದರೆ ಸಾಧಾರಣ. ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ, ಜಾಸ್ತಿ ಬಂದರೆ ಖುಷಿಪಡುವಂಥದ್ದೇನೂ ಇಲ್ಲ! ಎರಡೂ ಕಡೆ ಒಂದೇ ಥರ 1+ ಇದ್ದು, ಕಾಲಿನ ಶಕ್ತಿ, ಸ್ಪರ್ಶ ಸರಿಯಿದ್ದರೆ ಅದು ನಿಮ್ಮ ದೇಹದ ರೀತಿ, ಅಷ್ಟೇ. ಒಂದು ಕಾಲು 1+, ಇನ್ನೊಂದು 3+ ಅಂತಿದ್ದರೆ ನಾನೂ ಸುಮ್ನೆ ಬಿಡುತ್ತಿರಲಿಲ್ಲ. ತಲೆನೋವಿಗೆ ಕಾರಣ ಏನು ಅನ್ನುವುದನ್ನು ಸುತ್ತಿಗೆಯೊಂದೇ ಹೇಳಲಾರದು, ಅದನ್ನು ನಿಮ್ಮ ಡಾಕ್ಟರನ್ನೇ ಕೇಳಿ.

ಅಪ್ಪನ ವಿಷಯ ಬೇರೆ. ವಯಸ್ಸಾದವರಲ್ಲಿ ಹಿಮ್ಮಡಿಯ ಒದೆತ ತಾನಾಗಿಯೇ ಹೋಗಿರುವುದುಂಟು, ಹಾಗಂತ ಶುಗರ್ ಇರುವಾಗ ವಯಸ್ಸಿನ ಮೇಲೆ ಹಾಕಿ ಕೂರಬಾರದು. ಶುಗರ್ ಮೊದಲು ಕೆಡಿಸುವುದು ಉದ್ದದ ನರಗಳ ತುದಿಯನ್ನು, ಅಂದರೆ ಪಾದವನ್ನು. ಕಂಪನದ ಕವೆಯನ್ನು (ತಟ್ಟಿದರೆ ನಡುಗುವ ಟ್ಯೂನಿಂಗ್ ಫೋರ್ಕ್) ಕಾಲಿನ ಹೆಬ್ಬೆರಳ ಮೇಲಿಟ್ಟು, ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ನೋಡುವ ಪರೀಕ್ಷೆ ಮಾಡಿಸಿ, ಐದೇ ನಿಮಿಷದ ಕೆಲಸ. ಮನೆಯಲ್ಲಿ ದಿನಾ ಅಂಗಾಲು ನೋಡಿ. ನಡೆಯುವಾಗ ಚಪ್ಪಲಿ ಜಾರಿ ಹಿಂದೆ ಉಳಿದದ್ದು ಗೊತ್ತಾಗದೆ ಮುಂದೆ ಹೋಗಿದ್ದುಂಟಾ ಅಂತ ಅವರನ್ನೇ ಕೇಳಿ. 'ಹೌದು' ಅಂದರೆ ಈ ವಾರವೇ ಕರೆದುಕೊಂಡು ಹೋಗಿ.