ಕಣ್ಣಿಗೆ ಹಾಕಿದ ಡ್ರಾಪ್ಸ್‌ನಿಂದ ಎದೆಬಡಿತ, ಉಸಿರಾಟಕ್ಕೂ ತೊಂದರೆ ಆಗುತ್ತದೆಯೇ?

ಆಗಬಹುದು. ಕಣ್ಣಿಗೆ ಹಾಕಿದ ಔಷಧಿ ಮೂಗಿನ ದಾರಿಯಿಂದ ರಕ್ತಕ್ಕೆ ಸೇರುತ್ತದೆ.

ಅತ್ತಾಗ ಮೂಗು ಸೋರುತ್ತದಲ್ವಾ, ಅದೇ ದಾರಿ. ರೆಪ್ಪೆಯ ಅಂಚಿನಲ್ಲಿ, ಒಳಮೂಲೆಯ ಹತ್ತಿರ, ಮೇಲೊಂದು ಕೆಳಗೊಂದು ಸಣ್ಣ ತೂತು ಇರುತ್ತದೆ. ಕನ್ನಡಿಯಲ್ಲಿ ಕೆಳರೆಪ್ಪೆ ಎಳೆದು ನೋಡಿದರೆ ಕಾಣುತ್ತದೆ. ಕಣ್ಣೀರು ಅಲ್ಲಿಂದ ಮೂಗಿಗಿಳಿಯುತ್ತದೆ. ಡ್ರಾಪ್ಸ್ ಹಾಕಿದ ಮೇಲೆ ಗಂಟಲು ಕಹಿಯಾಗುವುದೂ ಇದಕ್ಕೇ. ಒಂದು ಹನಿ ಸುಮಾರು 30ರಿಂದ 50 ಮೈಕ್ರೋಲೀಟರ್, ಅಂದರೆ 1 ಮಿಲಿಲೀಟರಿಗೆ 20–33 ಹನಿ. ಅಷ್ಟೂ ಕಣ್ಣಲ್ಲಿ ನಿಲ್ಲುವುದಿಲ್ಲ, ಸ್ವಲ್ಪ ಕೆನ್ನೆಗೆ ಹರಿಯುತ್ತದೆ, ಸ್ವಲ್ಪ ಮೂಗಿಗೆ. ಮೂಗಿನ ಒಳಪದರದ ತುಂಬ ರಕ್ತನಾಳಗಳು. ಮಾತ್ರೆ ನುಂಗಿದರೆ ಮೊದಲು ಲಿವರ್‌ಗೆ ಹೋಗಿ ಒಂದಷ್ಟು ಔಷಧಿ ಅಲ್ಲೇ ಕಳೆದುಹೋಗುತ್ತದೆ, ಮೂಗಿನಿಂದ ಹೋದದ್ದಕ್ಕೆ ಆ ತಡೆ ಇಲ್ಲ.

ಗ್ಲಾಕೋಮಾಗೆ (ಕಣ್ಣಿನ ಒತ್ತಡ ಜಾಸ್ತಿಯಾಗಿ ನರ ಹಾಳಾಗುವ ಕಾಯಿಲೆ) ಕೊಡುವ ಟಿಮೊಲಾಲ್ ಇದಕ್ಕೆ ಒಳ್ಳೆ ಉದಾಹರಣೆ. ಬಿಪಿ ಮಾತ್ರೆಗಳಲ್ಲಿರುವ ಬೀಟಾ ಬ್ಲಾಕರ್ ಗುಂಪಿನದೇ ಔಷಧಿ ಅದು, ಹಾಗಾಗಿ ನಾಡಿ ನಿಧಾನವಾಗಬಹುದು, ಅಸ್ತಮಾ ಇದ್ದವರಿಗೆ ಉಸಿರು ಕಟ್ಟಬಹುದು. "ಬರೀ ಕಣ್ಣಿನ ಡ್ರಾಪ್ಸ್ ತಾನೆ" ಅಂತ ಬೇರೆ ಡಾಕ್ಟರಿಗೆ ಹೇಳದೇ ಇರುವವರೇ ಜಾಸ್ತಿ, ನನಗೆ ಭಯ ಅದೇ. ಹಾಗಂತ ಸುಮ್ನೆ ನಿಲ್ಲಿಸಲೂಬೇಡಿ, ಕೇಳಿ ಬದಲಾಯಿಸಿಕೊಳ್ಳಿ.

ಹಾಕುವಾಗ ಒಂದೇ ಹನಿ ಸಾಕು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಲ್ಲಿ 2–3 ನಿಮಿಷ ಮೆಲ್ಲಗೆ ಒತ್ತಿಹಿಡಿಯಿರಿ. ಗಂಟಲಿನ ಕಹಿಯೂ ಕಡಿಮೆಯಾಗುತ್ತದೆ.